ಮದ್ದಿನ ಮನೆಯ ಎರಡನೇ ಕೀಲಿಕೈ

ನಮ್ಮ ಓಣಿಯ ಮಂದಿ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೋದಂತೆ ಅವರ ಬಗ್ಗೆ ಇನ್ನೊಂದು ಒಳ್ಳೆಯ ಮಾತು ನನ್ನ ಬಾಯಿಂದ ಬಂದೀತೆಂಬ ನಂಬಿಕೆ ನನಗಿಲ್ಲ. ನನ್ನ ಗಂಡನ ಕೆಲಸಕ್ಕೆ ಕಲ್ಲು ಹಾಕಬೇಕೆಂದು ಅವರಲ್ಲಿ ಒಬ್ಬರೂ ಅಂದುಕೊಂಡಿರಲಿಲ್ಲ. ಎಲ್ಲರೂ ಸೇರಿ ಉಪಕಾರ ಮಾಡಲು ಹೊರಟಿದ್ದರು. ಅಷ್ಟು ಜನ ಒಟ್ಟಿಗೆ ಉಪಕಾರಕ್ಕೆ ನಿಂತರೆ ಒಂದು ಸಂಸಾರ ಉಳಿಯುವುದು ಎಷ್ಟು ಕಷ್ಟ ಅನ್ನುವುದು ನನಗೆ ಆಗ ಗೊತ್ತಾಯಿತು.

ನಾವು ಆಗ ಕುರುಗೋಡಿನಲ್ಲಿದ್ದೆವು. ಊರ ಹಿಂದಿನ ಗುಡ್ಡದಲ್ಲಿ ಬಳ್ಳಾರಿಯ ಗುತ್ತಿಗೆದಾರರೊಬ್ಬರು ಕಾಲುವೆ ಕೆಲಸಕ್ಕೆಂದು ಕಲ್ಲು ಒಡೆಸುತ್ತಿದ್ದರು. ಬಂಡೆಗೆ ತೂತು ಹೊಡೆದು, ಮದ್ದು ತುಂಬಿ, ಬತ್ತಿ ಹಚ್ಚಿ ಹಾರಿಸುತ್ತಿದ್ದರು. ಆ ಮದ್ದನ್ನು ಇಡಲು ಗುಡ್ಡದ ಬುಡದಲ್ಲಿ, ಮನೆಗಳಿಂದ ದೂರಕ್ಕೆ, ಕಿಟಕಿಯಿಲ್ಲದ ಒಂದು ಕಲ್ಲಿನ ಕೋಣೆ ಇತ್ತು. ಕಬ್ಬಿಣದ ಬಾಗಿಲು, ಅದಕ್ಕೊಂದು ದಪ್ಪ ಕೀಲಿ. ಊರವರು ಅದನ್ನು ಮದ್ದಿನ ಮನೆ ಅನ್ನುತ್ತಿದ್ದರು. ಅದರ ಕೀಲಿಕೈ ನನ್ನ ಗಂಡನ ಉಡಿದಾರಕ್ಕೆ ಕಟ್ಟಿರುತ್ತಿತ್ತು. ಬೆಳಿಗ್ಗೆ ತೆಗೆದು ಮದ್ದು ಕೊಡುವುದು, ಸಂಜೆ ಉಳಿದದ್ದನ್ನು ಒಳಗಿಟ್ಟು ಕೀಲಿ ಹಾಕುವುದು, ಇಷ್ಟೇ ಅವರ ಕೆಲಸ. ಆದರೆ ಅದು ಯಾರ ಕೈಯಲ್ಲಿರಬೇಕು ಅನ್ನುವುದನ್ನು ಗುತ್ತಿಗೆದಾರರೊಬ್ಬರೇ ತೀರ್ಮಾನಿಸುವಂತಿರಲಿಲ್ಲ. ಪೊಲೀಸರು ಮನುಷ್ಯನ ನಡತೆ ವಿಚಾರಿಸಿ, ಇವನಾದರೆ ಆಗಬಹುದು ಅಂತ ಒಪ್ಪಬೇಕಿತ್ತು. ಯುದ್ಧದ ಕಾಲದಲ್ಲಿ ಒಮ್ಮೆ ಒಪ್ಪಿದ್ದರು. ಆಮೇಲೆ ನಮ್ಮನ್ನು ಯಾರೂ ಕೇಳಲು ಬಂದಿರಲಿಲ್ಲ.

ನನ್ನ ಗಂಡ ಕುಡಿಯುತ್ತಿದ್ದರು. ಮದ್ದಿನ ಮನೆಗೆ ಕೀಲಿ ಹಾಕಿದ ಮೇಲೆಯೇ ಕುಡಿಯುತ್ತಿದ್ದರು ಅನ್ನುವುದೊಂದು ಸಮಾಧಾನ, ಅದೂ ಅವರಿಗೆ, ನನಗಲ್ಲ. ನಮ್ಮ ಜಿಲ್ಲೆಯಲ್ಲಿ ಸೇಂದಿ, ಸಾರಾಯಿ ಎಲ್ಲ ಬಂದ್ ಆದ ವರ್ಷ ಅವರು ಸಿರುಗುಪ್ಪದ ಹತ್ತಿರದ ಕರೂರಿಗೆ, ತಮ್ಮ ಅಕ್ಕನ ಮನೆಗೆ ಹೋಗಿದ್ದರು. ಭತ್ತದ ಕೊಯ್ಲು ಮುಗಿದಿತ್ತು. ಸರ್ಕಾರ ಬಂದ್ ಮಾಡಿದ್ದು ಅಂಗಡಿಗಳನ್ನು, ಹಳ್ಳದ ದಂಡೆಯ ಈಚಲ ಗಿಡಗಳಿಗೆ ಅದು ತಿಳಿದಿರಲಿಲ್ಲ. ಒಂದಿಷ್ಟು ಜನ ಗಿಡದ ಬುಡದಲ್ಲಿ ಸೇಂದಿಯ ಮಡಕೆ ಇಟ್ಟುಕೊಂಡು ಕೂತಿದ್ದಾಗ ಪೊಲೀಸ್ ಪೇದೆ ಬಂದ. ಎಲ್ಲರೂ ಓಡಿದರು. ಇವರು ಮಾತ್ರ ಕೂತೇ ಇದ್ದು, "ಬರ್ರಿ, ಕುಂದರ್ರಿ, ಒಂದು ಗುಟುಕು ತಗೋರ್ರಿ" ಅಂದರಂತೆ. ಪೇದೆ ರಟ್ಟೆ ಹಿಡಿದ. ಇವರು ಅವನನ್ನು ಪಕ್ಕದ ಹಳ್ಳದ ಕೆಸರಿಗೆ ನೂಕಿದರು. ಕುಡಿದದ್ದಕ್ಕೆ ಒಂದು ಕೇಸು, ನೂಕಿದ್ದಕ್ಕೆ ಇನ್ನೊಂದು. ಸಿರುಗುಪ್ಪದ ಠಾಣೆಯ ಕಂಬಿಯ ಹಿಂದೆ ಅವರನ್ನು ನೋಡಿದಾಗ ನನಗೆ ಅಳು ಬರಲಿಲ್ಲ, ಸಿಟ್ಟಿನಿಂದ ಕಿವಿ ಕಾದಿತ್ತು. ದಂಡ ಕಟ್ಟಲು ನನ್ನ ಕಾಲಿನ ಬೆಳ್ಳಿ ಕಡಗ ಹೋಯಿತು.

ಬಿಡುಗಡೆಯಾಗಿ ಬಂದ ಸಂಜೆ ನಾನು ಬಾಗಿಲು ತೆಗೆಯಲಿಲ್ಲ. ಒಳಗಿನಿಂದ ಅಗಳಿ ಹಾಕಿ ನಿಂತೆ. ಹೊರಗಿನಿಂದ ಅವರು ಅಂದರು, "ಕುಡದಿಲ್ಲಲೇ, ಆಣಿ ಮಾಡ್ತೀನಿ."

"ನಿಮ್ಮ ಆಣಿ ನನಗ ಬ್ಯಾಡ. ಊದ್ರಿ" ಅಂದೆ.

ಬಾಗಿಲನ್ನು ಒಂದು ಗೇಣು ತೆರೆದೆ. ಅವರು ಊದಿದರು. ವಾಸನೆ ಇರಲಿಲ್ಲ. ಒಳಗೆ ಬಿಟ್ಟೆ. ಮರುದಿನವೂ ಹಾಗೇ. ಅಂದಿನಿಂದ ಅದೊಂದು ಪದ್ಧತಿಯಾಗಿಹೋಯಿತು. ಸಂಜೆ ಬರುವುದು, ಹೊಸ್ತಿಲ ಹೊರಗೆ ನಿಲ್ಲುವುದು, ಬಗ್ಗಿ ಊದುವುದು, ಆಮೇಲೆ ಕಾಲು ತೊಳೆಯುವುದು. ಬೇರೆ ಹೆಂಗಸರು ಗಂಡ ಬಂದರೆ ನೀರು ಕೊಡುತ್ತಿದ್ದರು, ನಾನು ಮೂಗು ಕೊಡುತ್ತಿದ್ದೆ. ಗುತ್ತಿಗೆದಾರರಿಗೆ ಕೇಸಿನ ವಿಷಯ ತಿಳಿದಿತ್ತು. ಬಿಟ್ಟಿದ್ದಾನಲ್ಲ, ಇರಲಿ ಅಂತ ಕೆಲಸದಲ್ಲಿ ಇಟ್ಟುಕೊಂಡರು. ನನ್ನ ಗಂಡನಿಗೆ ಆ ಕೀಲಿಕೈಯ ಮೇಲೆ ವಿಚಿತ್ರ ಭಕ್ತಿ ಬಂತು. ಕೂತರೆ ಸೊಂಟಕ್ಕೆ ಚುಚ್ಚುತ್ತದೆ, ಚುಚ್ಚಿದಾಗೆಲ್ಲ ನೆನಪಾಗುತ್ತದೆ ಅನ್ನುತ್ತಿದ್ದರು. ಏನು ನೆನಪಾಗುತ್ತದೆ ಅಂತ ನಾನು ಕೇಳುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಹೊಳೆಯಾಚೆಯ ಹೈದರಾಬಾದ್ ಸೀಮೆಯಲ್ಲಿ ಗಲಾಟೆ ಎದ್ದಿತು. ಗಂಟುಮೂಟೆ ಕಟ್ಟಿಕೊಂಡು ಜನ ಈಚೆ ದಡಕ್ಕೆ ಬರುತ್ತಿದ್ದರು. ಈಚೆಯ ಮದ್ದು ಆಚೆ ಹೋಗಬಾರದು ಅಂತ ಸರ್ಕಾರ ಎಚ್ಚರಾಯಿತು. ಮದ್ದಿನ ಕೀಲಿಕೈ ಹಿಡಿದವರ ನಡತೆಯನ್ನೆಲ್ಲ ಹೊಸದಾಗಿ ವಿಚಾರಿಸಬೇಕು ಅಂತ ಹುಕುಂ ಬಂತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ದಿನ ತಿಳಿದದ್ದು ಇಷ್ಟೇ: ಎದುರು ಮನೆಯ ದೊಡ್ಡಮ್ಮ ಹಿತ್ತಲ ಬಾಗಿಲಿನಿಂದ ಓಡಿ ಬಂದು, "ತಂಗಿ, ಲಗೂ ಹುಡುಗೀಗಿ ತಲಿ ಬಾಚು. ಗಂಡಿನ ಕಡಿಯಾವ ಬಂದಾನ!" ಅಂದಳು.

ನನ್ನ ನಾದಿನಿ, ಅಂದರೆ ಗಂಡನ ತಂಗಿ, ನಮ್ಮ ಮನೆಯಲ್ಲೇ ಇದ್ದಳು. ಮದುವೆಯ ವಯಸ್ಸು ಬಂದಿತ್ತು. ನಮ್ಮ ಸೀಮೆಯಲ್ಲಿ ಹೆಣ್ಣು ನೋಡಲು ನೇರವಾಗಿ ಬರುವುದಿಲ್ಲ. ಮೊದಲು ವಯಸ್ಸಾದವರೊಬ್ಬರು ದಾರಿಹೋಕರ ಹಾಗೆ ಬಂದು, ಚಹದಂಗಡಿಯಲ್ಲಿ ಕೂತು, ಅದು ಇದು ಮಾತಾಡಿ, ನಡುವೆ ಮನೆತನ ವಿಚಾರಿಸುತ್ತಾರೆ. ತಾನು ಯಾಕೆ ಬಂದೆ ಅಂತ ಅವರು ಹೇಳುವುದಿಲ್ಲ. ಓಣಿಯವರು ಕೇಳುವುದೂ ಇಲ್ಲ, ಕೇಳಿದರೆ ಮರ್ಯಾದೆ ಅಲ್ಲ. ಹೆಣ್ಣಿನ ಮನೆಯವರನ್ನು ಎತ್ತಿ ಹೇಳುವುದು ಓಣಿಯ ಕರ್ತವ್ಯ, ಯಾಕೆಂದರೆ ನಾಳೆ ಅವರ ಮನೆಯ ಹುಡುಗಿಯನ್ನೂ ಕೇಳಲು ಬರುತ್ತಾರೆ. ಇಲ್ಲಿಗೆ ಬಂದವನು ಕಚ್ಚೆ ಪಂಚೆ, ಕರಿ ಟೋಪಿ, ಕಂಕುಳಲ್ಲಿ ಛತ್ರಿ. ಕೇಳಿದ್ದು, ಮನೆತನ ಹೆಂಗೈತಿ, ಯಜಮಾನಗ ಕುಡಿಯೋ ಚಟ ಐತೇನು, ಕೋರ್ಟು ಕಚೇರಿ ಅಂತ ಏನರ ಐತೇನು, ಆಸ್ತಿ ಎಷ್ಟೈತಿ, ಮನಿಗಿ ಯಾರ್ಯಾರು ಬಂದು ಹೋಗ್ತಾರ. ಇದರಲ್ಲಿ ಗಂಡಿನ ಕಡೆಯವರು ಕೇಳದ ಮಾತು ಯಾವುದಿದೆ? ಪೊಲೀಸರ ಗುಟ್ಟಿನ ವಿಚಾರಣೆಗೂ ನಮ್ಮ ಸಂಬಂಧ ಕೇಳುವ ಪದ್ಧತಿಗೂ ಒಂದು ಕೂದಲಿನ ಅಂತರ ಇರಲಿಲ್ಲ.

ಚಹದಂಗಡಿಯವನು ಹೇಳಿದನಂತೆ, "ಕುಡಿಯೋದಾ? ಈಚಲ ಗಿಡದ ನೆಳ್ಳು ಬಿದ್ರ ಸೈತ ಸುತ್ತು ಹಾಕಿ ಹೋಗೋ ಮನಶ್ಯಾ ಅಂವ." ಕೋರ್ಟಿನ ಮೆಟ್ಟಿಲು ಈ ವಂಶದಲ್ಲಿ ಯಾರೂ ತುಳಿದಿಲ್ಲ ಅಂತ ಸಾಲಿ ಮಾಸ್ತರು ಆಣೆ ಮಾಡಿ ಹೇಳಿದರು. ದೊಡ್ಡಮ್ಮ ಇವರಿಬ್ಬರಿಗೂ ಕಡಿಮೆಯಾಗಬಾರದೆಂದು ನಮಗೆ ಕರೂರಿನಲ್ಲಿ ನೀರಾವರಿ ಗದ್ದೆ ಕೊಡಿಸಿದಳು, ನನಗೆ ಸೇರುಗಟ್ಟಲೆ ಬಂಗಾರ ಹಾಕಿದಳು. ಅಷ್ಟಕ್ಕೂ ತೃಪ್ತಿಯಾಗದೆ ಕಡೆಗೆ, "ಹೊಳಿಯಾಚಿ ದೊಡ್ಡ ದೊಡ್ಡ ಮಂದಿ ಇವರ ಬೀಗರು. ವಾರವಾರ ಗಾಡಿ ಕಟ್ಟಿಕೊಂಡು ಹೋಗ್ತಾರ ಬರ್ತಾರ" ಅಂದುಬಿಟ್ಟಳು. ನಮಗೆ ಹೊಳೆಯಾಚೆ ಒಂದು ನಾಯಿಯೂ ಗುರುತಿರಲಿಲ್ಲ.

ಆ ಮನುಷ್ಯ ನೀರು ಕೇಳಿಕೊಂಡು ನಮ್ಮ ಮನೆಗೂ ಬಂದ. ನಾನು ಮಂಡಕ್ಕಿ ಒಗ್ಗರಣೆ ಮಾಡಿ, ಮಿರ್ಚಿ ಕರಿದು ಕೊಟ್ಟೆ. ಇನ್ನೊಮ್ಮೆ ಹಾಕಿಸಿಕೊಂಡು ತಿಂದ. ನಾದಿನಿ ತಲೆ ತಗ್ಗಿಸಿ ಚಹ ಕೊಟ್ಟಳು. ಮುಂದೆ ಯಾರಿಂದಲೋ ತಿಳಿಯುವುದಕ್ಕಿಂತ ಈಗಲೇ ಸಿರುಗುಪ್ಪದ ವಿಷಯ ಹೇಳಿಬಿಡೋಣ ಅಂತ ನಾನು ಬಾಯಿ ತೆರೆದೆ. ಪಕ್ಕದಲ್ಲಿ ನಿಂತಿದ್ದ ದೊಡ್ಡಮ್ಮ ನನ್ನ ರಟ್ಟೆಯನ್ನು ಎಷ್ಟು ಗಟ್ಟಿಯಾಗಿ ಚಿವುಟಿದಳೆಂದರೆ ಬಾಯಿ ತಾನಾಗಿ ಮುಚ್ಚಿತು. ಅವನು ಕೈ ತೊಳೆದುಕೊಂಡು ಛತ್ರಿ ಎತ್ತಿಕೊಂಡು ಹೋದ.

ಹುಡುಗನ ಜಾತಕ ಬರುತ್ತದೆ ಅಂತ ನಾವು ಕಾಯುತ್ತಿದ್ದರೆ ಬಳ್ಳಾರಿಯಿಂದ ಗುತ್ತಿಗೆದಾರರ ಮ್ಯಾನೇಜರು ಬಂದ. ಕೇಸು ಮುಚ್ಚಿಟ್ಟಿದ್ದಾನೆ, ಮೂಲ ಗೊತ್ತಾಗದ ಆಸ್ತಿ ಇದೆ, ಹೊಳೆಯಾಚೆ ಓಡಾಟ ಇದೆ ಅಂತ ವರದಿಯಾಗಿದೆಯಂತೆ. ಬಳ್ಳಾರಿಗೆ ಹೋಗಿ ಇನ್‌ಸ್ಪೆಕ್ಟರ ಮುಂದೆ ಸಮಜಾಯಿಷಿ ಕೊಡಬೇಕು, ಅಲ್ಲಿಯವರೆಗೆ ಕೀಲಿಕೈ ಕೊಟ್ಟಿರಬೇಕು. ನನ್ನ ಗಂಡ ಉಡಿದಾರದ ಗಂಟು ಬಿಚ್ಚಲು ತುಂಬ ಹೊತ್ತು ತೆಗೆದುಕೊಂಡರು. ಕೊನೆಗೆ ನಾನೇ ಬಿಚ್ಚಿದೆ. ಮ್ಯಾನೇಜರು ಹೋದ ಮೇಲೆ ಅವರು ಕಟ್ಟೆಯ ಮೇಲೆ ಕೂತು ಸೊಂಟ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಲೇ, ನೌಕರಿ ಹೋದ್ರ ಹೋಗ್ಲಿ. ಕಲ್ಲು ಒಡದು ತಿಂದೇನು. ಆದ್ರ ಅದು ಚುಚ್ಚತಿತ್ತಲ್ಲ, ಅದ್ರಿಂದ ಇಷ್ಟು ದಿನ ನಿಂತಿದ್ದೆ. ಇನ್ನ ನನಗ ಯಾವುದು ಚುಚ್ಚಬೇಕು?"

"ನಾನು ಚುಚ್ಚಲೇನು?" ಅಂದೆ ಸಿಟ್ಟಿನಿಂದ. ಆದರೆ ನನಗೆ ಹೆದರಿಕೆಯಾಗಿತ್ತು. ಗುಡ್ಡದ ಆಚೆ ಕಳ್ಳಭಟ್ಟಿ ಕಾಯಿಸುವವರು ಇದ್ದಾರೆ ಅನ್ನುವುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಸಿರುಗುಪ್ಪದಲ್ಲಿ ಇವರನ್ನು ಹಿಡಿದ ಪೇದೆಯೇ ಬಂದು, ಹೌದು, ಕೇಸಾಗಿತ್ತು, ದಂಡ ಕಟ್ಟಿದ, ಮುಗಿಯಿತು ಅಂತ ಹೇಳಿದರೆ ಸರಿಹೋದೀತು ಅಂತ ನಾವಿಬ್ಬರೂ ಅಲ್ಲಿಗೆ ಹೋದೆವು. ಪೇದೆ ನಮ್ಮನ್ನು ಕಂಡು ಹಿಗ್ಗಿದ. ಬಾಳೆಹಣ್ಣು ತರಿಸಿದ. ಸಂಗತಿ ಕೇಳಿ ಎದೆ ತಟ್ಟಿಕೊಂಡ.

"ಹೆದರಬ್ಯಾಡವ್ವ. ಇಂಥಾ ಮನಶ್ಯಾನ ನಾನು ಹಿಡದೇ ಇಲ್ಲ ಅಂತೀನಿ."

"ಹಿಡದೀರಲ್ರಿ!"

"ಹಿಡದೀನಿ. ಆದ್ರ ಹೇಳಂಗಿಲ್ಲ."

"ಹೇಳ್ರಿ ಅಂತಾನ ನಾನು ಬಂದೀನಿ!"

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಏನಂತ ಹೇಳ್ಲಿ? ಕುಡದಾವ ಒಬ್ಬ ನನ್ನ ಕೆಸರಾಗ ಕೆಡವಿದ ಅಂತ ಬಳ್ಳಾರ್ಯಾಗ ಹೋಗಿ ಹೇಳ್ಲೇನು? ನನಗೂ ಮಾನ ಐತೆವ್ವ."

ಬರುವಾಗ ಬಸ್ಸಿನಲ್ಲಿ ಆ ಬಾಳೆಹಣ್ಣನ್ನು ನನ್ನ ಗಂಡ ಒಂದೊಂದಾಗಿ ಸುಲಿದು ತಿಂದರು. ಹಸಿವು ಅವರಿಗೆ ಯಾವ ಕಷ್ಟದಲ್ಲೂ ತಪ್ಪಿದ್ದನ್ನು ನಾನು ಕಾಣೆ.

ಬಳ್ಳಾರಿಗೆ ಹೋಗುವ ದಿನ ನಾವು ಬಸ್ಸು ಹತ್ತಿದರೆ, ಒಳಗೆ ಆಗಲೇ ದೊಡ್ಡಮ್ಮ, ಸಾಲಿ ಮಾಸ್ತರು, ಚಹದಂಗಡಿಯವನು ಮಡಿಬಟ್ಟೆ ಹಾಕಿಕೊಂಡು ಕೂತಿದ್ದರು. ಬಂದವನು ಪೊಲೀಸಿನವನು ಅಂತ ಅವರಿಗೆ ಅಷ್ಟರಲ್ಲಿ ತಿಳಿದಿತ್ತು. ಹಾಗಾದರೂ ಈಗ ನಿಜ ಹೇಳುತ್ತಾರೆ ಅಂತ ನೀವು ಅಂದುಕೊಂಡಿದ್ದರೆ ನಮ್ಮ ಓಣಿ ನಿಮಗೆ ಗೊತ್ತಿಲ್ಲ.

"ಒಮ್ಮಿ ಒಂದು ಮಾತು ಹೇಳೀವಿ. ಈಗ ಬದಲು ಮಾಡಿದ್ರ ನಾವು ಸುಳ್ಳರಾಗ್ತೀವಿ" ಅಂದರು ಮಾಸ್ತರು.

"ಸುಳ್ಳೇ ಹೇಳೀರಲ್ರಿ, ಮಾಸ್ತರ!"

"ಅದು ಬ್ಯಾರೆ ಮಾತು."

ಕಚೇರಿ ಕೋಟೆ ಗುಡ್ಡದ ಕೆಳಗಿತ್ತು. ಬಂಡೆಯ ಕಾವು ಕಿಟಕಿಯಿಂದ ಒಳಗೆ ಬರುತ್ತಿತ್ತು. ಇನ್‌ಸ್ಪೆಕ್ಟರು ವಯಸ್ಸಾದವರು, ತೆಲುಗಿನವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಬೆವರು ಒರೆಸಿಕೊಳ್ಳುತ್ತ ನಮ್ಮವರ ಮಾತೆಲ್ಲ ಕೇಳಿದರು. ಚಹದಂಗಡಿಯವನು ಈಚಲ ಗಿಡದ ನೆರಳನ್ನು ಮತ್ತೆ ತಂದ. ಮಾಸ್ತರು ವಂಶವನ್ನು ತಂದರು. ದೊಡ್ಡಮ್ಮ ಹೊಳೆಯಾಚೆಯ ಬೀಗರನ್ನು ಕೈಬಿಡಲು ಒಪ್ಪಿದಳು, ಗದ್ದೆಯನ್ನು ಬಿಡಲಿಲ್ಲ. ನನ್ನ ಗಂಡ ಮೂಲೆಯಲ್ಲಿ ಕೈಕಟ್ಟಿ ನಿಂತು ನೆಲ ನೋಡುತ್ತಿದ್ದರು.

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇವನ ಮ್ಯಾಲ ಕೇಸಾಗಿದ್ದು ನಮಗ ಮೊದಲೇ ಗೊತ್ತದ. ಕುಡದಿದ್ದ ಅಂತಲ್ಲ ನನ್ನ ಚಿಂತಿ. ಊರಿಗೂರೇ ಸೇರಿ ಯಾಕ ಮುಚ್ಚತೀರಿ? ಇನ್ನೂ ಏನೇನು ಮುಚ್ಚೀರಿ? ಹೊಳಿಯಾಚಿ ಮದ್ದು ಹೋದ್ರ ನನ್ನ ತಲಿ ಹೋಗ್ತದ. ಏಮಮ್ಮಾ, ನೀನು ಹೆಂಡತೀನಾ? ನೀನೇನು ಹೇಳ್ತಿ? ನೀನೂ ಇಲ್ಲ ಅನ್ನಾಕ ಬಂದೀಯೇನು?"

ದೊಡ್ಡಮ್ಮನ ಕೈ ಮತ್ತೆ ನನ್ನ ರಟ್ಟೆಯ ಕಡೆ ಬಂತು. ನಾನು ಅದನ್ನು ತಳ್ಳಿಬಿಟ್ಟೆ.

"ಕುಡೀತಿದ್ರುರೀ ಸಾಹೇಬ್ರ. ಹೊಟ್ಟಿ ತುಂಬ ಕುಡೀತಿದ್ರು. ಹಬ್ಬ ಅನ್ನಲಿಲ್ಲ, ಹುಣ್ಣಿವಿ ಅನ್ನಲಿಲ್ಲ. ಕರೂರಾಗ ಪೊಲೀಸ್ರನ್ನ ಕೆಸರಾಗ ಕೆಡವಿದ್ರು, ಸಿರುಗುಪ್ಪದಾಗ ಒಳಗ ಹಾಕಿದ್ರು, ನನ್ನ ಕಾಲಾಗಿನ ಕಡಗ ಮಾರಿ ಬಿಡಿಸ್ಕೊಂಡು ಬಂದೀನಿ. ನಮಗ ಗದ್ದಿ ಇಲ್ಲ, ಬಂಗಾರ ಇಲ್ಲ, ಹೊಳಿಯಾಚಿ ನಮ್ಮವ್ರು ಅಂತ ಒಂದು ಪಿಳ್ಳಿ ಇಲ್ಲ. ನೀವು ಕಳಿಸಿದ ಮನಶ್ಯಾನ್ನ ಹೆಣ್ಣು ನೋಡಾಕ ಬಂದಾನಂತ ತಿಳಕೊಂಡು ಈ ಮಂದಿ ಮದಿವಿ ಸುಳ್ಳು ಹೇಳ್ಯಾರ. ನಾನು ಅವಗ ಮಿರ್ಚಿ ಕರದು ಹಾಕೀನಿ, ಹೋಗಿ ಕೇಳ್ರಿ ಅವನ್ನ! ಒಂದು ಸಾಲದು ಅಂತ ಇನ್ನೊಮ್ಮಿ ಹಾಕಿಸ್ಕೊಂಡು ತಿಂದಾನ!"

ಇನ್‌ಸ್ಪೆಕ್ಟರ ಮುಖದಲ್ಲಿ ನಗು ಬಂತೋ ಇಲ್ಲವೋ ನನಗೆ ತಿಳಿಯಲಿಲ್ಲ, ಮೀಸೆ ದಪ್ಪ ಇತ್ತು.

"ಈಗ ಕುಡಿಯಂಗಿಲ್ಲ ಅಂತ ಯಾರು ಹೇಳಬೇಕು?"

"ನಾನು ಹೇಳಬೇಕು. ಇನ್ನ್ಯಾರು ಹೇಳಬೇಕು? ದಿನಾ ಸಂಜಿಕ ಹೊಸ್ತಿಲದಾಗ ನಿಂದ್ರಿಸಿ ಬಾಯಿ ಮೂಸಿ ನೋಡಿ ಒಳಗ ಬಿಡಾಕಿ ನಾನು. ಸಿರುಗುಪ್ಪದಿಂದ ಬಂದ ದಿನದಿಂದ ಒಂದು ದಿನಾನೂ ತಪ್ಪಿಲ್ಲ."

ಇನ್‌ಸ್ಪೆಕ್ಟರು ನನ್ನ ಗಂಡನ ಕಡೆ ತಿರುಗಿದರು. "ಮುಂದ ಬಾ. ಖರೇ ಏನಪ್ಪ?"

ನನ್ನ ಗಂಡ ಮುಂದೆ ಹೋದರು. ಹೌದು ಅನ್ನಬಾರದೇ, ತಲೆಯಾಡಿಸಬಾರದೇ. ಎದುರಿಗೆ ಒಬ್ಬರು ಗದರಿಸಿದ ದನಿಯಲ್ಲಿ ಕೇಳಿದ್ದೇ ತಡ, ಅಭ್ಯಾಸ ಬಲದಿಂದ ಮೇಜಿನ ಮೇಲೆ ಬಗ್ಗಿ, ಇನ್‌ಸ್ಪೆಕ್ಟರ ಮುಖಕ್ಕೆ ಉಫ್ ಅಂತ ಊದಿಬಿಟ್ಟರು.

ಇನ್‌ಸ್ಪೆಕ್ಟರ ಕುರ್ಚಿ ಹಿಂದಕ್ಕೆ ಸರಿಯಿತು. ಬೆಳಿಗ್ಗೆ ಕಟ್ಟಿಕೊಟ್ಟಿದ್ದ ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ತಿಂದಿದ್ದರು, ಅದು ನನಗೆ ನಿಂತಲ್ಲಿಗೇ ಬಂತು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಇನ್‌ಸ್ಪೆಕ್ಟರು ಕರ್ಚೀಫಿನಿಂದ ಮೂಗು ಒರೆಸಿಕೊಂಡು ಬಹಳ ಹೊತ್ತು ಕಿಟಕಿಯ ಹೊರಗೆ ಗುಡ್ಡ ನೋಡಿದರು. ಅವರ ಹೆಗಲು ಅಲುಗುತ್ತಿತ್ತು.

ಆಮೇಲೆ ಗುತ್ತಿಗೆದಾರರ ಮ್ಯಾನೇಜರನ್ನು ಒಳಗೆ ಕರೆದರು. ಇವನೇ ಇರಲಿ, ಆದರೆ ಬಾಗಿಲಿಗೆ ಎರಡನೇ ಕೀಲಿ ಹಾಕಿ, ಎರಡು ಕೀಲಿಕೈ ಇಬ್ಬರ ಹತ್ತಿರ ಇರಬೇಕು, ಇಬ್ಬರೂ ಬಂದರಷ್ಟೇ ಬಾಗಿಲು ತೆಗೆಯಬೇಕು ಅಂದರು. ಎರಡನೆಯದು ಯಾರ ಹತ್ತಿರ ಅಂತ ಮ್ಯಾನೇಜರು ಕೇಳಿದ. ಇನ್‌ಸ್ಪೆಕ್ಟರು ದೊಡ್ಡಮ್ಮನನ್ನು ನೋಡಿದರು, ಮಾಸ್ತರನ್ನು ನೋಡಿದರು, ಚಹದಂಗಡಿಯವನನ್ನು ನೋಡಿದರು.

"ಇವರ ಊರಾಗ ಸುಳ್ಳು ಹೇಳದಾಕಿ ಒಬ್ಬಾಕಿ ಅದಾಳ. ಆಕಿ ಹತ್ರ ಇಡ್ರಿ."

ಹೀಗೆ ನಾನು ಮದ್ದಿನ ಮನೆಯ ನೌಕರಳಾದೆ. ಸಂಬಳವಿಲ್ಲ. ಹೆಂಗಸಿಗೆ ಯಾವ ಲೆಕ್ಕದಲ್ಲಿ ಕೊಡುವುದು ಅಂತ ಮ್ಯಾನೇಜರು ಕೇಳಿದ, ನಿಜ ಹೇಳಿದ ಲೆಕ್ಕದಲ್ಲಿ ಅಂತ ನಾನು ಅಂದರೆ ನಕ್ಕ. ಬೆಳಿಗ್ಗೆ ರೊಟ್ಟಿ ಹಂಚಿನ ಮೇಲೆ ಬಿಟ್ಟು ಗುಡ್ಡಕ್ಕೆ ಓಡಬೇಕು, ಸಂಜೆ ದೀಪ ಹಚ್ಚುವ ಮೊದಲು ಮತ್ತೆ ಓಡಬೇಕು. ಜ್ವರ ಬಂದರೂ ಬಿಡುವಂತಿಲ್ಲ. ತವರಿಗೆ ಹೋದರೆ ಗುಡ್ಡದ ಕೆಲಸವೇ ನಿಲ್ಲುತ್ತದೆ ಅಂತ ಗೋಳು. ನನ್ನ ನಡತೆ ಹೇಗಿದೆ ಅಂತ ಒಬ್ಬರಾದರೂ ಬಂದು ವಿಚಾರಿಸಿದರೇ? ಇಲ್ಲ. ಕುಡಿದವರನ್ನು ವಿಚಾರಿಸಿದರು, ಬಿಡಿಸಿದವಳನ್ನು ದುಡಿಸಿಕೊಂಡರು. ಬಳ್ಳಾರಿಯಿಂದ ಆ ಸಂಜೆ ಹಿಂದಿರುಗುವ ಬಸ್ಸಿನಲ್ಲಿ ದೊಡ್ಡಮ್ಮ ಮೊಣಕೈಯಿಂದ ತಿವಿದು ಕೇಳಿದಳು, "ಅದೆಲ್ಲ ಇರ್ಲವ್ವ, ಕಚೇರ್ಯಾಗ ಹುಡುಗಿ ಮಾತೇನರ ತಗದ್ರೇನು?"

ಇನ್ನೊಂದನ್ನೂ ಹೇಳಬೇಕು. ಮುಂದಿನ ವರ್ಷ ನಿಜವಾಗಿಯೂ ಗಂಡಿನ ಕಡೆಯವರು ವಿಚಾರಿಸಲು ಬಂದರು. ನಮ್ಮ ಓಣಿಗೆ ಬುದ್ಧಿ ಬಂದಿತ್ತು. ಪೊಲೀಸಿನವರೇ ಇರಬೇಕೆಂದು ತಿಳಿದು, ಎಲ್ಲರೂ ಸೇರಿ, ಕುಡಿತ, ಕೆಸರು, ಠಾಣೆ, ದಂಡ, ಒಂದೂ ಬಿಡದೆ ಹೇಳಿದರು. ಆ ಸಂಬಂಧ ಅಲ್ಲಿಗೇ ತಪ್ಪಿತು. ಕೊನೆಗೆ ಹತ್ತಿರದ ಮೋಕ ಊರಿನವರೊಬ್ಬರು ಯಾರನ್ನೂ ವಿಚಾರಿಸದೆ ಹುಡುಗಿಯನ್ನು ಮಾಡಿಕೊಂಡದ್ದರಿಂದ ಮದುವೆ ಆಯಿತು.

ಬಳ್ಳಾರಿ ಮೈಸೂರಿಗೆ ಸೇರುವ ಹೊತ್ತಿಗೆ ಗುಡ್ಡದ ಕೆಲಸ ಮುಗಿಯಿತು. ಉಳಿದ ಮದ್ದನ್ನು ಲಾರಿಯಲ್ಲಿ ಒಯ್ದರು. ಮ್ಯಾನೇಜರು ಎರಡೂ ಕೀಲಿಕೈ ಕೇಳಿದ. ನನ್ನದನ್ನು ನಾನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟೆ, ಪೀಡೆ ತೊಲಗಿತು ಅಂದೆ. ಈ ಸಲ ನನ್ನ ಗಂಡ ತಮ್ಮ ಗಂಟನ್ನು ತಾವೇ ಬಿಚ್ಚಿದರು. ಕೂಲಿ ಚುಕ್ತಾ ಮಾಡಿಸಿಕೊಂಡು ಬರುತ್ತೇನೆ ಅಂತ ಗುಡ್ಡದ ಕಡೆ ಹೋದರು.

ನಾನು ಮನೆಗೆ ಬಂದೆ. ಹೊತ್ತು ಇಳಿಯಿತು. ಕೈಯಲ್ಲಿ ದುಡ್ಡಿದೆ, ಸೊಂಟದಲ್ಲಿ ಕೀಲಿಕೈ ಇಲ್ಲ, ಗುಡ್ಡದ ಆಚೆ ಭಟ್ಟಿ ಇದೆ. ಹಿಟ್ಟು ಕಲಸಿದೆ, ಹಾಗೇ ಬಿಟ್ಟೆ. ಎಷ್ಟೋ ವರ್ಷದ ಹಿಂದಿನ ಹಾಗೆ ಒಳಗಿನಿಂದ ಅಗಳಿ ಹಾಕಿ ಬಾಗಿಲ ಹಿಂದೆ ನಿಂತೆ. ಯಾಕೆ ಹಾಕಿದೆನೋ ನನಗೇ ಗೊತ್ತಿಲ್ಲ. ಈ ಮನುಷ್ಯನ ಮೇಲೆ ಇಷ್ಟು ವರ್ಷ ಸಿಟ್ಟು ಮಾಡಿ ಮಾಡಿ, ಅವರಿಲ್ಲದೆ ನನಗೆ ಸಿಟ್ಟು ಮಾಡಲೂ ಯಾರಿಲ್ಲ ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಹೆಜ್ಜೆ ಸಪ್ಪಳ ಕೇಳಿತು. ಬಾಗಿಲ ಹತ್ತಿರ ಬಂದು ನಿಂತಿತು. ಬಾಗಿಲು ತೆಗೆದೆ, ಗೇಣಲ್ಲ, ಪೂರ್ತಿ ತೆಗೆದೆ.

"ಬರ್ರಿ ಒಳಗ. ಸಾಕು, ಇನ್ನ ಊದೋದು ಬ್ಯಾಡ" ಅಂದೆ.

ಅವರು ಹೊಸ್ತಿಲು ದಾಟಲಿಲ್ಲ.

"ತಡಿಯಲೇ" ಅಂದರು. "ಚುಚ್ಚಾಕ ಈಗ ಇದೊಂದಾ ಉಳದೈತಿ."

ಬಗ್ಗಿ, ಎಂದಿನಂತೆ, ನನ್ನ ಮುಖಕ್ಕೆ ಊದಿದರು. ಬರೀ ಉಳ್ಳಾಗಡ್ಡಿ.